ಕಾದಂಬರಿ ಓದಿ ಮುಗಿಸಿದ ಮೇಲೆ ಏನು ಹೇಳುವುದು?

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ತಿಂಗಳಿಗೆ ಮೂರ್ನಾಲ್ಕು ಕಾದಂಬರಿ ಓದುತ್ತೇನೆ. ನಮ್ಮೂರಿನ ಓದುಗರ ಬಳಗದಲ್ಲಿ ಅದರ ಬಗ್ಗೆ ಮಾತಾಡಲು ನಿಂತರೆ ಇಡೀ ಕತೆ ಹೇಳಿ, ಕೊನೆಗೆ 'ಚೆನ್ನಾಗಿದೆ, ಓದಿ' ಎಂದು ಕೂತುಬಿಡುತ್ತೇನೆ. ಅಭಿಪ್ರಾಯ ಅಂತ ಒಂದು ಹುಟ್ಟುವುದೇ ಇಲ್ಲ. ಭೈರಪ್ಪನವರ ದೊಡ್ಡ ಕಾದಂಬರಿಗಳನ್ನು ಓದಿ ಬೆಳೆದವಳಿಗೆ ಈಗಿನ ತೆಳುವಾದ ಕಾದಂಬರಿಗಳು ಅರ್ಧಕ್ಕೇ ನಿಂತಂತೆ ಕಾಣುತ್ತವೆ. ಬೂಕರ್ ಪ್ರಶಸ್ತಿ ಬಂದ ಪುಸ್ತಕ ಹಿಡಿಸದಿದ್ದರೆ ಹಾಗೆಂದು ಹೇಳಲು ಧೈರ್ಯ ಸಾಲದು. ನೀವು ಕಳೆದ ತಿಂಗಳು ಏನು ಓದಿದಿರಿ? ಯಾವುದು ಒಳ್ಳೆಯದು ಎಂದು ಹೇಗೆ ತೀರ್ಮಾನಿಸಿದಿರಿ?

ಉತ್ತರ: ಕತೆ ಹೇಳುವುದರಲ್ಲಿ ತಪ್ಪೇನಿಲ್ಲ, ಮೊದಲು ಆ ಸಂಕೋಚ ಬಿಡಿ. ಓದಿದ್ದನ್ನು ಕ್ರಮವಾಗಿ ಹೇಳಲು ಬರುವುದೂ ಒಂದು ಶಕ್ತಿಯೇ. ಆದರೆ ಕತೆ ಹೇಳುವಾಗ ನೀವು 'ಏನಾಯಿತು' ಎಂಬುದನ್ನು ಮಾತ್ರ ಒಯ್ಯುತ್ತೀರಿ. ಆದದ್ದನ್ನು ಯಾರು ನೋಡಿದರು, ಯಾರ ಬಾಯಿಂದ ನಮಗೆ ತಿಳಿಯಿತು ಎಂಬುದು ಪುಸ್ತಕದಲ್ಲೇ ಉಳಿದುಬಿಡುತ್ತದೆ. ನಾನು ಪ್ರತಿ ಕಾದಂಬರಿಗೂ ಕೇಳುವ ಪ್ರಶ್ನೆ ಒಂದೇ: ಇದನ್ನು ಹೇಳುತ್ತಿರುವವರು ಯಾರು, ಅವರಿಗೆ ಕಾಣದೆ ಹೋಗಿದ್ದು ಏನು? ಇದಕ್ಕೆ ಉತ್ತರ ಹುಡುಕಲು ಹೊರಟರೆ ಅಭಿಪ್ರಾಯ ತಾನಾಗಿ ಹುಟ್ಟುತ್ತದೆ. ಕಳೆದ ತಿಂಗಳ ನನ್ನ ಓದನ್ನೇ ಮುಂದಿಟ್ಟು ವಿವರಿಸುತ್ತೇನೆ. ಎಲ್ಲವೂ ಈಚಿನ ವರ್ಷಗಳಲ್ಲಿ ಬಂದ ಕಾದಂಬರಿಗಳು, ಎರಡು ನಾನು ಮತ್ತೆ ಓದಿದವು.

ವಿವೇಕ ಶಾನಭಾಗರ 'ಸಕೀನಾಳ ಮುತ್ತು' 2021ರಲ್ಲಿ ಬಂತು. ಇಂಗ್ಲಿಷ್‌ಗೆ ಶ್ರೀನಾಥ ಪೆರೂರ್ 2023ರಲ್ಲಿ ತಂದರು. ಬೆಂಗಳೂರಿನ ಫ್ಲ್ಯಾಟಿನಲ್ಲಿ ವೆಂಕಟ, ಹೆಂಡತಿ ವಿಜಿ, ಕಾಲೇಜಿಗೆ ಹೋಗುವ ಮಗಳು ರೇಖಾ. ಒಂದು ದಿನ ಇಬ್ಬರು ಹುಡುಗರು ಬಾಗಿಲು ತಟ್ಟಿ ರೇಖಾ ಎಲ್ಲಿ ಎಂದು ಕೇಳುತ್ತಾರೆ. ಅವಳು ಊರಿಗೆ ಹೋಗಿದ್ದಾಳೆ, ಅಲ್ಲಿ ಫೋನು ಸಿಗುವುದಿಲ್ಲ. ಇಷ್ಟರಿಂದ ಕತೆ ಶುರುವಾಗುತ್ತದೆ. ನಮಗೆ ಇದನ್ನೆಲ್ಲ ಹೇಳುವವನು ವೆಂಕಟ. ಅವನು ಕೆಟ್ಟವನಲ್ಲ. ಹೆಂಡತಿಯ ಕೆಲಸಕ್ಕೆ ಅಡ್ಡಿ ಬರದ ಗಂಡ, ಮಗಳನ್ನು ಓದಿಸಿದ ಅಪ್ಪ, ಬದುಕನ್ನು ಹಸನು ಮಾಡಿಕೊಳ್ಳುವ ದಾರಿ ತೋರಿಸುವ ಪುಸ್ತಕಗಳನ್ನು ನಂಬುವವನು, ತನ್ನನ್ನು ತಾನು ಸಮಾಧಾನಿ ಎಂದುಕೊಂಡವನು. ಪ್ರತಿ ಪ್ರಸಂಗದಲ್ಲೂ ತನ್ನ ಕಡೆಯ ನ್ಯಾಯವನ್ನು ಸಾವಕಾಶವಾಗಿ, ಒಳ್ಳೆಯ ಮಾತಿನಲ್ಲಿ ನಮ್ಮೆದುರು ಇಡುತ್ತಾನೆ. ನಾವೂ ತಲೆಯಾಡಿಸುತ್ತ ಹೋಗುತ್ತೇವೆ.

ಮೊದಲ ಓದಿನಲ್ಲಿ ನನ್ನ ಗಮನವೆಲ್ಲ ರೇಖಾಗೆ ಏನಾಯಿತು, ಮನೆತನದವರು ಬಾಯಿ ಬಿಡದ ಮಾವ ರಮಣನ ಕತೆ ಏನು ಎಂಬುದರ ಮೇಲಿತ್ತು. ಈ ಸಲ ವಿಜಿ ಮಾತಾಡುವ ಸಾಲುಗಳನ್ನಷ್ಟೇ ಹಿಡಿದು ಓದಿದೆ. ಅವಳ ಮಾತು ಬಂದ ಕೂಡಲೇ ವೆಂಕಟ ಅದಕ್ಕೊಂದು ಅರ್ಥ ಹಚ್ಚುತ್ತಾನೆ. ಅವಳು ಹೇಳಿದ್ದು ನಮಗೆ ತಲುಪುವ ಹೊತ್ತಿಗೆ ಅವನ ವ್ಯಾಖ್ಯಾನದೊಳಗೆ ಸುತ್ತಿಕೊಂಡಿರುತ್ತದೆ. ತಾಯಿ ಮಗಳು ಒಂದಾಗಿ ತನ್ನನ್ನು ಹೊರಗಿಟ್ಟಿದ್ದಾರೆ ಎಂಬ ಗುಮಾನಿ ಅವನಿಗೆ. ಅವರು ಯಾಕೆ ಒಂದಾದರು ಎಂದು ಕೇಳಿಕೊಳ್ಳುವ ಹತ್ತಿರಕ್ಕೆ ಬಂದಾಗಲೆಲ್ಲ ಬೇರೆ ವಿಷಯಕ್ಕೆ ಹೊರಳುತ್ತಾನೆ. ಈ ಹೊರಳುವಿಕೆಯಲ್ಲೇ ಕಾದಂಬರಿ ಇದೆ. ಮನೆಯೊಳಗಿನ ಗಂಡಸಿನ ಯಜಮಾನಿಕೆ ಗದರಿ ಬೈದು ನಡೆಯಬೇಕಿಲ್ಲ, ಸೌಜನ್ಯದ ದನಿಯಲ್ಲೂ ನಡೆಯುತ್ತದೆ ಎಂಬುದನ್ನು ಲೇಖಕರು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದ್ದರೆ ಅದು ಲೇಖನವಾಗುತ್ತಿತ್ತು. 'ಕೊನೆಗೆ ಏನೂ ಆಗಲಿಲ್ಲವಲ್ಲ' ಎಂದು ಈ ಪುಸ್ತಕದ ಬಗ್ಗೆ ದೂರಿದವರನ್ನು ನಾನು ಬಲ್ಲೆ. ಘಟನೆಗಳನ್ನು ಮಾತ್ರ ಎಣಿಸಿದರೆ ಹಾಗೇ ಅನಿಸುತ್ತದೆ. ವೆಂಕಟನ ಮೇಲೆ ನಮಗಿದ್ದ ನಂಬಿಕೆ ಮೊದಲ ಪುಟದಲ್ಲಿ ಎಷ್ಟಿತ್ತು, ಕೊನೆಯ ಪುಟದಲ್ಲಿ ಎಷ್ಟು ಉಳಿಯಿತು ಎಂದು ನೋಡಿದರೆ ತುಂಬ ದೊಡ್ಡದೇ ಆಗಿದೆ. ಈಚಿನ ಕನ್ನಡ ಕಾದಂಬರಿಗಳಲ್ಲಿ ನನಗೆ ಬಹಳ ಬೇಕಾದದ್ದು ಇದು. ಇದೇ ಲೇಖಕರ 2013ರ 'ಘಾಚರ್ ಘೋಚರ್'ಗಿಂತಲೂ ಒಂದು ಕೈ ಮೇಲೆ ಎಂದು ನನ್ನ ಭಾವನೆ. ಅಲ್ಲಿಯ ಹೆಸರಿಲ್ಲದ ನಿರೂಪಕನಿಗೆ ತನ್ನ ಮನೆಯವರು ಎಂಥವರೆಂದು ಒಳಗೊಳಗೇ ಗೊತ್ತು. ವೆಂಕಟನಿಗೆ ಗೊತ್ತಿಲ್ಲ, ಗೊತ್ತಾಗುವುದು ಬೇಕೂ ಇಲ್ಲ.

ಇದರ ಬೆನ್ನಿಗೇ ಡೇವಿಡ್ ಸಲೊಯ್ ಅವರ 'ಫ್ಲೆಶ್' ಓದಿದೆ. 2025ರ ಬೂಕರ್ ಪಡೆದ ಕಾದಂಬರಿ. ಹಂಗೇರಿಯ ಒಂದು ವಸತಿ ಸಮುಚ್ಚಯದಲ್ಲಿ ತಾಯಿಯೊಂದಿಗೆ ಇರುವ 15 ವರ್ಷದ ಇಶ್ತ್ವಾನ್ ಎಂಬ ಹುಡುಗನಿಂದ ಶುರುವಾಗಿ ಅವನ ನಡುವಯಸ್ಸು ದಾಟಿ ಹೋಗುತ್ತದೆ. ನೆರೆಮನೆಯ, ತಾಯಿಯ ವಯಸ್ಸಿನ ಹೆಂಗಸಿನೊಂದಿಗೆ ಸಂಬಂಧ, ಅದರಿಂದಾದ ಅನಾಹುತ, ಸೈನ್ಯ, ಇರಾಕ್, ಲಂಡನ್ನಿನಲ್ಲಿ ಕಾವಲಿನ ಕೆಲಸ, ಶ್ರೀಮಂತರ ಮನೆ. ಇಷ್ಟೆಲ್ಲ ನಡೆದರೂ ಇಶ್ತ್ವಾನ್‌ಗೆ ಒಳಗೆ ಏನನಿಸಿತು ಎಂದು ಲೇಖಕರು ಹೇಳುವುದೇ ಇಲ್ಲ. ಅವನ ಬಾಯಲ್ಲಿ ಬರುವುದು ಹೆಚ್ಚಾಗಿ 'ಓಕೆ'. ಬೇರೆ ಯಾರಾದರೂ ನೂರು ಪುಟ ಬರೆಯಬಹುದಾಗಿದ್ದ ಬಂಧನದ ದಿನಗಳನ್ನೂ ಯುದ್ಧವನ್ನೂ ಕಾದಂಬರಿ ಹೆಚ್ಚುಕಡಿಮೆ ದಾಟಿಯೇ ಹೋಗುತ್ತದೆ. ಒಂದು ಅಧ್ಯಾಯ ಮುಗಿದು ಇನ್ನೊಂದು ತೆರೆದಾಗ ವರ್ಷಗಳು ಸರಿದಿರುತ್ತವೆ, ನಡುವೆ ಏನಾಯಿತೆಂದು ನಾವೇ ಊಹಿಸಬೇಕು.

ಮಾತಿನಲ್ಲೇ ತನ್ನನ್ನು ಮುಚ್ಚಿಕೊಳ್ಳುವ ವೆಂಕಟ, ಮಾತೇ ಇಲ್ಲದ ಇಶ್ತ್ವಾನ್. ಇವರಿಬ್ಬರನ್ನು ಒಂದೇ ವಾರದಲ್ಲಿ ಓದಿದ್ದು ನನಗೆ ಬಹಳ ಕಲಿಸಿತು. ಒಬ್ಬ ಮನುಷ್ಯನ ಒಳಗನ್ನು ತೋರಿಸಲು ಅವನ ಯೋಚನೆಗಳನ್ನೆಲ್ಲ ಬರೆಯಲೇಬೇಕೆಂದಿಲ್ಲ. ಕೈ ಏನು ಮಾಡಿತು, ಯಾರು ಕರೆದಾಗ ಎದ್ದು ಹೋದ, ಯಾವ ಪ್ರಶ್ನೆಗೆ ಸುಮ್ಮನಾದ, ಇಷ್ಟನ್ನೇ ಜೋಡಿಸುತ್ತ ಹೋದರೂ ಒಬ್ಬ ಮನುಷ್ಯ ಎದ್ದು ನಿಲ್ಲುತ್ತಾನೆ. ಆದರೂ ನನ್ನ ತಕರಾರು ಒಂದಿದೆ. ಲಂಡನ್ನಿನ ಸಿರಿವಂತಿಕೆಯ ಭಾಗದಲ್ಲಿ ಸುತ್ತಲಿನ ಜನ ತೆಳುವಾಗುತ್ತಾರೆ. ಅಲ್ಲಿಯವರೆಗೆ ಅರ್ಥ ತುಂಬಿಕೊಂಡಿದ್ದ ಅವನ ಮೌನ ಆಮೇಲೆ ಬರೀ ಅಭ್ಯಾಸದಂತೆ ಕೇಳಿಸತೊಡಗುತ್ತದೆ. ಮೊದಲ ಅಧ್ಯಾಯ ಮಾತ್ರ ಮೈ ಜುಮ್ಮೆನ್ನಿಸುವಷ್ಟು ಸೊಗಸು. ಹದಿಹರೆಯದ ಹುಡುಗನನ್ನು ದೊಡ್ಡವರೊಬ್ಬರು ಬಳಸಿಕೊಳ್ಳುವುದನ್ನು ಒಂದು ತೀರ್ಪಿನ ಮಾತೂ ಇಲ್ಲದೆ ಬರೆದಿರುವುದರಿಂದ ತೀರ್ಪಿನ ಭಾರ ಓದುವವರ ಮೇಲೇ ಬೀಳುತ್ತದೆ.

ತೆಳು ಪುಸ್ತಕಗಳ ಬಗ್ಗೆ ಕೇಳಿದಿರಿ. ಕ್ಲೇರ್ ಕೀಗನ್ ಎಂಬ ಐರಿಶ್ ಲೇಖಕಿಯ 'ಸ್ಮಾಲ್ ಥಿಂಗ್ಸ್ ಲೈಕ್ ದೀಸ್' (2021) ನೂರಿಪ್ಪತ್ತು ಪುಟವೂ ಇಲ್ಲ. 1985ರ ಕ್ರಿಸ್ಮಸ್ ಹೊತ್ತು, ಐರ್ಲೆಂಡಿನ ನ್ಯೂ ರಾಸ್ ಎಂಬ ಊರು. ಕಲ್ಲಿದ್ದಲು, ಸೌದೆ ಮಾರುವ ಬಿಲ್ ಫರ್ಲಾಂಗ್, ಅವನಿಗೆ ಐವರು ಹೆಣ್ಣುಮಕ್ಕಳು. ಕಾನ್ವೆಂಟಿಗೆ ಕಲ್ಲಿದ್ದಲು ಹಾಕಲು ಹೋದವನು ಅಲ್ಲಿಯ ಕಲ್ಲಿದ್ದಲ ಕೋಣೆಯಲ್ಲಿ ಕೂಡಿಹಾಕಿದ್ದ ಹುಡುಗಿಯೊಬ್ಬಳನ್ನು ಕಾಣುತ್ತಾನೆ. ಮದುವೆಯಿಲ್ಲದೆ ಬಸುರಾದವರನ್ನೂ ಮನೆಯವರಿಗೆ ಬೇಡವಾದ ಹುಡುಗಿಯರನ್ನೂ ಸಂನ್ಯಾಸಿನಿಯರು ನಡೆಸುವ ಬಟ್ಟೆ ಒಗೆಯುವ ಮನೆಗಳಲ್ಲಿಟ್ಟು ಕೂಲಿಯಿಲ್ಲದೆ ದುಡಿಸಿದ್ದು ಐರ್ಲೆಂಡಿನ ನಿಜದ ಇತಿಹಾಸ. ಇಂಥ ಕೊನೆಯ ಮನೆ ಮುಚ್ಚಿದ್ದು 1996ರಲ್ಲಿ, ಅಲ್ಲಿಯ ಸರಕಾರ ಕ್ಷಮೆ ಕೇಳಿದ್ದು 2013ರಲ್ಲಿ.

ಇಷ್ಟು ದೊಡ್ಡ ಅನ್ಯಾಯದ ಬಗ್ಗೆ ಬರೆಯುವವರು ಆ ಹುಡುಗಿಯರ ಬಾಯಿಂದಲೇ ಹೇಳಿಸಬಹುದಿತ್ತು. ಕೀಗನ್ ಆಯ್ದುಕೊಂಡದ್ದು ಹೊರಗೆ ನಿಂತ ಕಲ್ಲಿದ್ದಲ ವ್ಯಾಪಾರಿಯನ್ನು. ಯಾಕೆಂದರೆ ಅವರ ಪ್ರಶ್ನೆ ಊರಿನ ಕುರಿತಾದದ್ದು. ಎಲ್ಲರಿಗೂ ಅಷ್ಟಿಷ್ಟು ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಹೆಂಡತಿಯೇ ನಮಗ್ಯಾಕೆ ಊರ ಉಸಾಬರಿ ಎನ್ನುತ್ತಾಳೆ. ಅದೂ ಸುಳ್ಳಲ್ಲ, ಅವರ ಹೆಣ್ಣುಮಕ್ಕಳು ಓದಬೇಕಾದದ್ದು ಅದೇ ಕಾನ್ವೆಂಟಿನವರ ಶಾಲೆಯಲ್ಲಿ. ಫರ್ಲಾಂಗ್‌ನ ತಾಯಿಯೂ ಮದುವೆಯಿಲ್ಲದೆ ಅವನನ್ನು ಹೆತ್ತವಳು, ಅವಳು ಕೆಲಸಕ್ಕಿದ್ದ ಮನೆಯ ಒಡತಿ ಕೈಬಿಡದಿದ್ದರಿಂದ ಉಳಿದವಳು. ಕಾದಂಬರಿ ಅವನು ಒಂದು ಕೆಲಸ ಮಾಡುವಲ್ಲಿಗೆ ನಿಲ್ಲುತ್ತದೆ. ಆಮೇಲೆ ಆ ಮನೆಗೆ, ವ್ಯಾಪಾರಕ್ಕೆ, ಮಕ್ಕಳ ಓದಿಗೆ ಏನಾಯಿತು ಎಂಬುದಿಲ್ಲ. ನಿಮಗೆ ಅರ್ಧಕ್ಕೆ ನಿಂತಂತೆ ಕಾಣುವುದು ಇದೇ ಇರಬೇಕು. ಒಂದು ಕೇಳಿ ನೋಡಿ: ಇನ್ನೂ ಇನ್ನೂರು ಪುಟ ಬರೆದು ಅವನು ಗೆದ್ದ ಎಂದೋ ಸೋತ ಎಂದೋ ತೋರಿಸಿದ್ದರೆ, ಆ ಕೆಲಸ ಸರಿಯೇ ಎಂಬುದನ್ನು ನಾವು ಅದರ ಫಲದಿಂದ ಅಳೆಯುತ್ತಿರಲಿಲ್ಲವೇ? ಫಲ ಗೊತ್ತಿಲ್ಲದೆ ಮಾಡಿದ್ದಕ್ಕೇ ಅದಕ್ಕೆ ಬೆಲೆ. ಇಲ್ಲಿ ಪುಸ್ತಕ ತೆಳುವಾದದ್ದು ವಸ್ತುವಿನ ಒತ್ತಾಯದಿಂದ. ಹಾಗಲ್ಲದೆ ಬರೆಯಲು ತ್ರಾಣವಿಲ್ಲದೆ ತೆಳುವಾದ ಕಾದಂಬರಿಗಳೂ ಈಗ ಬೇಕಾದಷ್ಟು ಬರುತ್ತಿವೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಪರ್ಸಿವಲ್ ಎವರೆಟ್ ಅವರ 'ಜೇಮ್ಸ್' (2024) ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಮತ್ತು 2025ರ ಪುಲಿಟ್ಜರ್ ಎರಡನ್ನೂ ಪಡೆಯಿತು. ಮಾರ್ಕ್ ಟ್ವೇನ್‌ನ ಹಕ್‌ಲ್‌ಬೆರಿ ಫಿನ್ ಕತೆಯಲ್ಲಿ ಹುಡುಗನ ಜೊತೆ ಮಿಸಿಸಿಪ್ಪಿ ನದಿಯಲ್ಲಿ ತೆಪ್ಪದ ಮೇಲೆ ಸಾಗುವ ಗುಲಾಮ ಜಿಮ್ ಇದ್ದಾನಲ್ಲ, ಅವನೇ ಇಲ್ಲಿ ಕತೆ ಹೇಳುವವನು. ಹೇಳುವವನು ಬದಲಾದರೆ ಕಾದಂಬರಿಯೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಸಿಗಲಾರದು. ಟ್ವೇನ್‌ನ ಪುಸ್ತಕದಲ್ಲಿ ಜಿಮ್‌ನ ಮುರುಕು ಇಂಗ್ಲಿಷ್ ಅವನ ಸಹಜ ಮಾತು. ಇಲ್ಲಿ ಅದು ವೇಷ. ಗುಲಾಮರು ತಮ್ಮತಮ್ಮೊಳಗೆ ಅಚ್ಚುಕಟ್ಟಾದ ಇಂಗ್ಲಿಷ್ ಆಡುತ್ತಾರೆ, ಬಿಳಿಯರು ಹತ್ತಿರ ಬಂದ ಕೂಡಲೇ ಮುರುಕು ಮಾತಿಗೆ ಇಳಿಯುತ್ತಾರೆ. ಜೇಮ್ಸ್ ತನ್ನ ಗುಡಿಸಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೀಗೆ ತಪ್ಪಾಗಿ ಮಾತಾಡುವುದನ್ನು ಪಾಠ ಹೇಳಿಕೊಡುವ ಪ್ರಸಂಗವಿದೆ. ಮಕ್ಕಳು ಬದುಕಿ ಉಳಿಯಬೇಕಾದರೆ ದಡ್ಡರಂತೆ ಕಾಣಬೇಕು. ನಗು ಬರುವಂತೆಯೇ ಬರೆದಿದ್ದಾರೆ, ಆ ನಗುವಿನ ಅಡಿಯಲ್ಲಿ ಎಂಥ ಭಯವಿದೆ ಎಂದು ಪುಟ ತಿರುಗಿಸಿದ ಮೇಲೆ ತಿಳಿಯುತ್ತದೆ. ಮುಂದೆ, ಜೇಮ್ಸ್ ಬರೆಯಲೆಂದು ಇನ್ನೊಬ್ಬ ಗುಲಾಮ ಯಜಮಾನನ ಮನೆಯಿಂದ ಪೆನ್ಸಿಲ್ ಚೂರೊಂದನ್ನು ಕದ್ದು ತಂದುಕೊಡುತ್ತಾನೆ, ಅದಕ್ಕೆ ಜೀವವನ್ನೇ ತೆರುತ್ತಾನೆ. ಆಮೇಲೆ ಆ ಪೆನ್ಸಿಲ್ ಚೂರು ಜೇಮ್ಸ್‌ನ ಜೇಬಿನಲ್ಲೇ ಇರುತ್ತದೆ. ಅವನು ಬರೆದ ಪ್ರತಿ ಸಾಲಿನ ಹಿಂದೆಯೂ ಆ ಸಾವು ಇದೆ ಎಂಬುದನ್ನು ಮರೆಯಲು ನನಗೆ ಆಗಲಿಲ್ಲ.

ಇದನ್ನು ಓದುವಾಗ ದೇವನೂರ ಮಹಾದೇವರ 'ಕುಸುಮಬಾಲೆ' (1984) ಮತ್ತೆ ಮತ್ತೆ ಮನಸ್ಸಿಗೆ ಬರುತ್ತಿತ್ತು. ಅಲ್ಲಿ ದಲಿತ ಕೇರಿಯ ಆಡುಮಾತೇ ನಿರೂಪಣೆಯಾಗಿದೆ, ಶಿಷ್ಟ ಕನ್ನಡದ ಓದುಗರೇ ಮೈ ಬಗ್ಗಿಸಿ ಅದರೊಳಗೆ ಹೋಗಬೇಕು. ಎವರೆಟ್ ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ. ತುಳಿತಕ್ಕೊಳಗಾದವರ ಬಾಯಿಗೆ ಶಿಷ್ಟ ಇಂಗ್ಲಿಷನ್ನೇ ಕೊಟ್ಟು, ಆಡುಮಾತನ್ನು ಯಜಮಾನರಿಗಾಗಿ ಹಾಕಿದ ವೇಷ ಎಂದರು. ಜಾಣತನ ದೊಡ್ಡದು. ಆದರೆ ಆಡುಮಾತಿನೊಳಗೇ ಒಂದು ಜ್ಞಾನವಿದೆ, ಒಂದು ಹಾಡಿದೆ ಎಂಬುದಕ್ಕೆ ಈ ಕಾದಂಬರಿಯಲ್ಲಿ ಜಾಗವಿಲ್ಲದೆ ಹೋಯಿತು. 'ಕುಸುಮಬಾಲೆ' ಓದಿದ ಕನ್ನಡಿಗರಿಗೆ ಈ ಕೊರತೆ ಬೇಗ ಗೊತ್ತಾಗುತ್ತದೆ. ಕೊನೆಯ ಭಾಗ ಸಾಹಸಕತೆಯ ವೇಗಕ್ಕೆ ಬಿದ್ದು ಸ್ವಲ್ಪ ಸುಲಭವಾಯಿತು ಎಂದೂ ಅನಿಸಿತು. ಇಷ್ಟೆಲ್ಲ ಹೇಳಿದರೂ ಈ ತಿಂಗಳು ನಾನು ಅತಿ ಹೆಚ್ಚು ಜನರ ಕೈಗೆ ಕೊಟ್ಟ ಪುಸ್ತಕ ಇದೇ.

ಮತ್ತೆ ಓದಿದ ಇನ್ನೊಂದು, ವಸುಧೇಂದ್ರರ 'ತೇಜೋ ತುಂಗಭದ್ರಾ' (2019). ಒಂದು ಕಡೆ ಪೋರ್ಚುಗಲ್ಲಿನ ತೇಜೋ ನದಿಯ ದಡದ ಲಿಸ್ಬನ್, ಇನ್ನೊಂದು ಕಡೆ ತುಂಗಭದ್ರೆಯ ದಡದ ವಿಜಯನಗರ, ಕೊನೆಗೆ ಗೋವೆ. ವಾಸ್ಕೋ ಡ ಗಾಮ ಬಂದದ್ದು 1498, ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಹಿಡಿದದ್ದು 1510, ಲಿಸ್ಬನ್ನಿನಲ್ಲಿ ಯಹೂದಿ ಮೂಲದವರ ಕಗ್ಗೊಲೆಯಾದದ್ದು 1506. ಈ ದೊಡ್ಡ ಇತಿಹಾಸದ ಕೆಳಗೆ ಗೇಬ್ರಿಯಲ್, ಬೆಲ್ಲಾ, ಹಂಪಮ್ಮ, ಕೇಶವ ಎಂಬ ಸಾಮಾನ್ಯರು. ಇದು ನಿಮಗೆ ಹಿಡಿಸುತ್ತದೆ, ಅನುಮಾನವಿಲ್ಲ. ಪುಟ ಓಡುತ್ತದೆ, ಹಡಗಿನ ಪ್ರಯಾಣದ ಭಾಗವಂತೂ ಬಾಯಿ ಒಣಗಿಸುತ್ತದೆ. ರಾಜರ ಹೆಸರು ಹಿನ್ನೆಲೆಗೆ ಸರಿದು, ಧರ್ಮ ಮತ್ತು ಸಿಂಹಾಸನ ಎರಡೂ ಕೂಡಿ ಸಾಮಾನ್ಯರನ್ನು ಹೇಗೆ ಅರೆದವು ಎಂಬುದು ಎರಡೂ ದಡಗಳಲ್ಲಿ ಕಾಣುತ್ತದೆ. ವಿಜಯನಗರವೆಂದರೆ ಬರೀ ವೈಭವ ಎಂದು ಓದಿಕೊಂಡು ಬಂದ ನಮಗೆ ಸಹಗಮನದ ಪ್ರಸಂಗಗಳನ್ನು ನೋಡುವುದು ಬಹಳ ಅಗತ್ಯವಾಗಿತ್ತು.

ಇಲ್ಲಿ ಹೇಳುವವರು ಯಾರು ಎಂದು ಕೇಳಿದಾಗ ನನಗೆ ತೊಡಕು ಕಂಡಿತು. ಎಲ್ಲವನ್ನೂ ಬಲ್ಲ ನಿರೂಪಕ ಆಗಾಗ ಪಾತ್ರಗಳನ್ನು ನಿಲ್ಲಿಸಿ ಪದ್ಧತಿಗಳನ್ನು ನಮಗೆ ಬಿಡಿಸಿ ಹೇಳುತ್ತಾನೆ. ಆ ಊರಲ್ಲೇ ಹುಟ್ಟಿ ಬೆಳೆದ ಹಂಪಮ್ಮನಿಗೆ ಅಂಥ ವಿವರಣೆ ಬೇಕಿಲ್ಲ, ಬೇಕಾದದ್ದು ನಮಗೆ. ಅಂಥ ಕಡೆಯಲ್ಲಿ ಲೇಖಕರು ಮಾಡಿದ ಅಧ್ಯಯನ ಪಾತ್ರಗಳ ಭುಜದ ಮೇಲಿಂದ ಇಣುಕುತ್ತದೆ. ಗೇಬ್ರಿಯಲ್ ಗೋವೆಗೆ ಬಂದ ಮೇಲೆ ಈ ತೊಂದರೆ ಕಡಿಮೆಯಾಗುತ್ತದೆ, ಯಾಕೆಂದರೆ ಅವನು ಪರದೇಶಿ. ಅವನಿಗೂ ನಮ್ಮ ಹಾಗೆ ಎಲ್ಲ ಹೊಸದು. ಐತಿಹಾಸಿಕ ಕಾದಂಬರಿ ಓದುವಾಗ ಇದೊಂದನ್ನು ಗಮನಿಸಿ: ವಿವರ ಯಾರ ಕಣ್ಣಿಗೆ ಬಿದ್ದು ಬಂತು?

ಸಮಂತಾ ಹಾರ್ವಿ ಅವರ 'ಆರ್ಬಿಟಲ್' 2024ರ ಬೂಕರ್ ಪಡೆದದ್ದು. ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ಜನ, ಒಂದೇ ದಿನ, ಆ ಒಂದು ದಿನದಲ್ಲಿ ಭೂಮಿಗೆ 16 ಸುತ್ತು. ವಾಕ್ಯಗಳು ಅಪರೂಪದ ಚೆಲುವಿನವು. ನನಗೆ ಹಿಡಿಸಲಿಲ್ಲ. ಕಾರಣ ಹೇಳಬಲ್ಲೆ: ಆರು ಜನ ಐದು ದೇಶಗಳಿಂದ ಬಂದವರು, ಒಬ್ಬಳ ತಾಯಿ ಆಗಷ್ಟೇ ತೀರಿಕೊಂಡಿದ್ದಾಳೆ, ಆದರೆ ಎಲ್ಲರೂ ಭೂಮಿಯನ್ನು ನೋಡುವುದು ಲೇಖಕಿಯ ಕಣ್ಣಿಂದಲೇ, ಅದೇ ಲಯದಲ್ಲೇ. ಒಬ್ಬರ ನೋಟವನ್ನು ಇನ್ನೊಬ್ಬರಿಗೆ ಕೊಟ್ಟರೂ ವ್ಯತ್ಯಾಸ ತಿಳಿಯದು. ಕವಿತೆಯಾಗಿ ಮೆಚ್ಚಿದೆ, ಕಾದಂಬರಿಯಾಗಿ ಇಲ್ಲ. ಬೂಕರ್ ಬಂದ ಪುಸ್ತಕ ಹಿಡಿಸದಿದ್ದರೆ ಹೀಗೆ ಹೇಳಿ. ತೀರ್ಪುಗಾರರು ಕೆಲವೇ ಮಂದಿ, ಆ ವರ್ಷ ಬಂದದ್ದರಲ್ಲಿ ಅವರಿಗೆ ಮಿಗಿಲೆನಿಸಿದ್ದನ್ನು ಆರಿಸಿದರು. ಅವರ ಆಯ್ಕೆಗೆ ಗೌರವ ಕೊಡುವುದೆಂದರೆ ಪುಸ್ತಕವನ್ನು ಗಮನವಿಟ್ಟು ಓದುವುದು. ಒಪ್ಪಲೇಬೇಕೆಂಬ ಕಟ್ಟಳೆಯಿಲ್ಲ. 'ಅರ್ಥವಾಗಲಿಲ್ಲ' ಎಂದು ತಲೆತಗ್ಗಿಸುವುದಕ್ಕಿಂತ 'ಈ ಕಾರಣಕ್ಕೆ ನನಗೆ ಒಗ್ಗಲಿಲ್ಲ' ಎಂದರೆ ಬಳಗದಲ್ಲಿ ಮಾತು ಬೆಳೆಯುತ್ತದೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಅವರನ್ನು ಅದುವರೆಗೆ ಓದದ ಎಷ್ಟೋ ಕನ್ನಡಿಗರು ಓದಿದರು. ಪ್ರಶಸ್ತಿಯಿಂದ ಆಗಬೇಕಾದ ಕೆಲಸ ಅದು. ಅವು ಸಣ್ಣಕತೆಗಳಾದ್ದರಿಂದ ಇಲ್ಲಿ ಚರ್ಚೆಗೆ ತರಲಿಲ್ಲ.

ಇನ್ನು ಭೈರಪ್ಪನವರ ವಿಷಯ. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಅವರ ಪುಸ್ತಕಗಳನ್ನು ಮತ್ತೆ ತೆಗೆದವರು ಬಹಳ ಮಂದಿ, ನೀವೂ ಇರಬಹುದು. ನೀವು ಅವರನ್ನು ಓದಿ ಬೆಳೆದಿದ್ದರೆ ನಾನು ಹೇಳುತ್ತಿರುವ ಪಾಠ ನಿಮಗೆ ಆಗಲೇ ಆಗಿದೆ. 'ಪರ್ವ' (1979) ನೆನಪಿಸಿಕೊಳ್ಳಿ. ನಮಗೆಲ್ಲ ಗೊತ್ತಿರುವ ಮಹಾಭಾರತದ ಕತೆಯೇ. ಆದರೂ ಕುಂತಿಯ ಮನಸ್ಸಿನಲ್ಲಿ ನಿಂತು ನೋಡಿದ ಕುರುವಂಶ ಬೇರೆ, ದ್ರೌಪದಿಯ ಮನಸ್ಸಿನಲ್ಲಿ ನಿಂತು ನೋಡಿದ್ದು ಬೇರೆ, ಕರ್ಣನದು ಮತ್ತೂ ಬೇರೆ. ಕತೆ ಗೊತ್ತಿದ್ದೂ ನೀವು ಅಷ್ಟು ಪುಟಗಳನ್ನು ಓದಿದ್ದು ಇದಕ್ಕೇ ಅಲ್ಲವೇ? ಹಾಗಾದರೆ ಓದುವ ಕಣ್ಣು ನಿಮ್ಮಲ್ಲಿದೆ. ವ್ಯತ್ಯಾಸವಿಷ್ಟೇ: ಅಲ್ಲಿ ಹಲವರ ಮನಸ್ಸುಗಳನ್ನು ಲೇಖಕರೇ ಪಕ್ಕಪಕ್ಕ ಇಟ್ಟು ಕೊಡುತ್ತಾರೆ. ಶಾನಭಾಗರಂಥವರು ಒಬ್ಬನ ಮನಸ್ಸನ್ನು ಮಾತ್ರ ಕೊಟ್ಟು, ಉಳಿದವರದನ್ನು ನಾವೇ ಕಟ್ಟಿಕೊಳ್ಳಲಿ ಎಂದು ಬಿಡುತ್ತಾರೆ. ಅರ್ಧ ಎಂದು ನಿಮಗೆ ಅನಿಸಿದ್ದು ಓದುಗರ ಪಾಲಿಗೆ ಬಿಟ್ಟ ಕೆಲಸ.

ನನ್ನ ರೂಢಿಯನ್ನೂ ಕೇಳಿದಿರಿ. ಓದುವಾಗ ಪುಸ್ತಕದಲ್ಲಿ ಗೆರೆ ಎಳೆಯುವುದಿಲ್ಲ. ಎಲ್ಲಿ ಬೇಸರವಾಯಿತು, ಎಲ್ಲಿ ಅನುಮಾನ ಬಂತು, ಆ ಪುಟದ ಸಂಖ್ಯೆಯನ್ನಷ್ಟೇ ಚೀಟಿಯಲ್ಲಿ ಬರೆದಿಡುತ್ತೇನೆ. ಮೆಚ್ಚಿದ ಜಾಗ ಹೇಗೂ ನೆನಪಿರುತ್ತದೆ, ಬೇಸರವಾದ ಜಾಗ ಮರೆತುಹೋಗುತ್ತದೆ, ಅಭಿಪ್ರಾಯ ಹುಟ್ಟುವುದು ಹೆಚ್ಚಾಗಿ ಅಲ್ಲಿಂದಲೇ. ಮುಗಿಸಿದ ಮೇಲೆ ಮೊದಲ ಅಧ್ಯಾಯವನ್ನು ಇನ್ನೊಮ್ಮೆ ಓದುತ್ತೇನೆ. ಕೊನೆ ಗೊತ್ತಿರುವಾಗ ಮೊದಲ ಅಧ್ಯಾಯದ ಮಾತುಗಳು ಬೇರೆಯಾಗಿ ಕೇಳಿದರೆ ಲೇಖಕರು ಗಟ್ಟಿಗರು. ಹಿಂಬದಿಯ ರಕ್ಷಾಪುಟವನ್ನೂ ಮುನ್ನುಡಿಯನ್ನೂ ಕಡೆಗೆ ಓದುತ್ತೇನೆ. ಕನ್ನಡದಲ್ಲಿ ಮುನ್ನುಡಿಗಳು ಎಷ್ಟೋ ಸಲ ಕಾದಂಬರಿಯ ಅರ್ಥವನ್ನು ಮೊದಲೇ ಹೇಳಿ ಮುಗಿಸಿಬಿಡುತ್ತವೆ.

ಮುಂದಿನ ಸಲ ಬಳಗಕ್ಕೆ 'ಸಕೀನಾಳ ಮುತ್ತು' ತೆಗೆದುಕೊಂಡು ಹೋಗಿ. ಎಲ್ಲರೂ ಓದಿ ಬಂದಿದ್ದರೆ ಕತೆ ಹೇಳುವ ಅಗತ್ಯವೇ ಬೀಳದು. ವಿಜಿ ಮತ್ತು ವೆಂಕಟ ಜಗಳವಾಡುವ ಒಂದು ಪ್ರಸಂಗ ಆರಿಸಿ, ಗಟ್ಟಿಯಾಗಿ ಓದಿಸಿ, ಇದನ್ನೇ ವಿಜಿ ಹೇಳಿದ್ದರೆ ಹೇಗಿರುತ್ತಿತ್ತು ಎಂದು ಕೇಳಿ. ಬಳಗದ ಗಂಡಸರೂ ಹೆಂಗಸರೂ ಒಂದೇ ಉತ್ತರ ಕೊಡಲಾರರು. ಅಲ್ಲಿ ಯಾರು ಏನು ಹೇಳಿದರೆಂದು ಸಾಧ್ಯವಾದರೆ ನನಗೂ ಬರೆಯಿರಿ.